ಲುಗು ಬೆಟ್ಟಕ್ಕೆ ಪಾಟ್ನಾ ದಾರಿ

ಮೊನ್ನೆ ಬುಧವಾರ ಸಂಜೆ ಮೇಲಿನ ಮಹಡಿಯ ವಾದಿರಾಜ ರಾಯರು ನಮ್ಮ ಮನೆಯ ಬಾಗಿಲು ತಟ್ಟಿದರು. ಕುವೈತಿನ ಸಲ್ವಾದ ಈ ಕಟ್ಟಡದಲ್ಲಿ ರಜೆ ಮುಗಿಸಿ ಬಂದವರು ಬಾಗಿಲು ತಟ್ಟಿದರೆ ಕೈಯಲ್ಲಿ ಏನಾದರೂ ಇದ್ದೇ ಇರುತ್ತದೆ. ಹಪ್ಪಳ, ಮಿಡಿ ಉಪ್ಪಿನಕಾಯಿ, ಇಲ್ಲವಾದರೆ ತಂಗಿಯ ಮಗಳ ಮದುವೆಯ ಲಾಡು. ರಾಯರ ಕೈಯಲ್ಲಿ ಈ ಸಲ ಇದ್ದದ್ದು ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆ.

“ಕಾಶಿ, ಪ್ರಯಾಗ, ಗಯಾ ಮೂರೂ ಮುಗಿಸಿ ಬಂದದ್ದು ಮಾರಾಯ್ರೆ. ಅಪ್ಪ ಅಮ್ಮನ ಪಿಂಡ ಗಯಾದಲ್ಲಿ ಹಾಕಿ ಆಯ್ತು. ಇದು ಅಲ್ಲಿಯದ್ದೇ, ತಿಲಕುಟ ಅಂತೆ. ಬಾಯಿಗೆ ಹಾಕಿದ್ರೆ ಪುಡಿ ಪುಡಿ ಆಗ್ತದೆ, ನೋಡಿ,” ಎಂದು ಮುಚ್ಚಳ ತೆಗೆದರು.

ಹುರಿದ ಎಳ್ಳು, ಬೆಲ್ಲ. ಆ ವಾಸನೆ ಬಂದದ್ದೇ ನಾನು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡೆ. “ಇವರಿಗೆ ಎಳ್ಳು ಆಗುದಿಲ್ಲ ರಾಯರೇ, ಉಷ್ಣ ಆಗ್ತದೆ,” ಎಂದಳು ನನ್ನ ಹೆಂಡತಿ. ಹದಿನಾಲ್ಕು ವರ್ಷದಿಂದ ನಾನು ಅವಳಿಗೆ ಹೇಳಿಕೊಂಡು ಬಂದ ಸುಳ್ಳು ಇದು. ಜುಲೈ ತಿಂಗಳಲ್ಲಿ ನಲ್ಲಿ ತಿರುಗಿಸಿದರೆ ಕಾಯಿಸಿದ ನೀರೇ ಬರುವ ಈ ಊರಲ್ಲಿ ಒಂದು ಚಿಟಿಕೆ ಎಳ್ಳಿನ ಉಷ್ಣಕ್ಕೆ ಹೆದರುವ ಗಂಡಸು ಎಂಥವನು ಎಂದು ಅವಳು ಒಮ್ಮೆಯಾದರೂ ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಮಾತನ್ನು ನಂಬುವ ಒಂದು ಕೆಟ್ಟ ಅಭ್ಯಾಸ ಅವಳಿಗಿದೆ.

ರಾಯರು ಬಂದಾಗ ನಾನು ಊಟದ ಮೇಜಿನ ತುಂಬ ರಟ್ಟಿನ ಚೀಟಿಗಳನ್ನು ಹರಡಿಕೊಂಡು ಕುಳಿತಿದ್ದೆ. ಶುಕ್ರವಾರ ನಮ್ಮ ಕನ್ನಡದವರ ಕೂಟದ ರಸಪ್ರಶ್ನೆ ಸ್ಪರ್ಧೆ. ಅದಕ್ಕೆ ಪ್ರಶ್ನೆ ಕೇಳುವ ಪಟ್ಟ ಹದಿನೈದು ವರ್ಷಗಳಿಂದ ನನ್ನದೇ. ಈ ಸ್ಪರ್ಧೆಯನ್ನು ನೀವು ನೋಡಿಲ್ಲವಾದರೆ ನಿಮ್ಮ ಪುಣ್ಯ. ಪ್ರಾಯೋಜಕರ ಹೆಸರು ಓದಿ ಮುಗಿಯುವ ಹೊತ್ತಿಗೆ ಮಕ್ಕಳಿಗೆ ಹಸಿವಾಗಿರುತ್ತದೆ. ದೇಶದ ವಿಷಯ ತಿಳಿದುಕೊಳ್ಳಬೇಕು ಎಂದು ಅಧ್ಯಕ್ಷರು ಕನ್ನಡದಲ್ಲಿ ಉಪದೇಶ ಮಾಡುತ್ತಾರೆ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಿಂದಿನ ಸಾಲಿನಿಂದ ಅಮ್ಮಂದಿರು ತುಟಿ ಅಲ್ಲಾಡಿಸಿ ಉತ್ತರ ಹೇಳಿಕೊಡುತ್ತಾರೆ. ಒಂದು ವರ್ಷ ಚಿಲ್ಕಾ ಸರೋವರ ಯಾವ ರಾಜ್ಯದಲ್ಲಿದೆ ಎಂಬುದರ ಮೇಲೆ ಇಬ್ಬರು ಅಮ್ಮಂದಿರಿಗೆ ಮಾತು ಬಿಟ್ಟುಹೋಗಿ, ಅವರ ಗಂಡಂದಿರು ಪಾರ್ಕಿಂಗ್ ಜಾಗದಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದರು. ಎರಡೂ ಮನೆಯವರು ಆ ಸರೋವರವನ್ನು ಕಂಡವರಲ್ಲ.

ಇಷ್ಟೆಲ್ಲ ಕುಚೋದ್ಯ ಮಾಡುವ ನಾನು ಆ ಕೆಲಸವನ್ನು ಬಿಟ್ಟುಕೊಟ್ಟಿದ್ದೇನೆಯೇ ಎಂದು ಕೇಳಿದರೆ, ಇಲ್ಲ. ಕೈಗೆ ಮೈಕು ಬಂದರೆ ನನಗೂ ಕೊಂಬು ಬರುತ್ತದೆ. ಇಸ್ತ್ರಿ ಹಾಕಿದ ಜುಬ್ಬ ತೊಟ್ಟು, ಕನ್ನಡಕದ ಮೇಲಿನಿಂದ ಮಕ್ಕಳನ್ನು ನೋಡಿ, “ಯೋಚನೆ ಮಾಡಿ ಹೇಳು ಮಗಾ,” ಎಂದು ಗಂಭೀರವಾಗಿ ಹೇಳುವಾಗ ಇಡೀ ಭಾರತದ ನಕ್ಷೆ ನನ್ನ ಜೇಬಲ್ಲಿ ಮಡಚಿ ಇಟ್ಟಹಾಗೆ ಅನ್ನಿಸುತ್ತಿತ್ತು. ಆ ಜಂಭದ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಹದಿನೈದು ವರ್ಷದ ಹಿಂದೆ ನಾನು ವಿದ್ಯುತ್ ಗೋಪುರಗಳನ್ನು ನಿಲ್ಲಿಸುವ ಒಂದು ಕಂಪನಿಯ ಆಫೀಸಿನಲ್ಲಿ ಗುಮಾಸ್ತ. ಕೆಲಸಗಾರರ ಇಕಾಮಾ, ಎಂದರೆ ಇಲ್ಲಿರಲು ಬೇಕಾದ ಪರವಾನಗಿ, ಅದನ್ನು ಹೊಸದು ಮಾಡಿಸುವುದು, ರಜೆಯ ಅರ್ಜಿ ತುಂಬುವುದು, ವಿಮಾನದ ಟಿಕೆಟ್ಟಿಗೆ ಬರೆದುಕೊಡುವುದು, ಇಷ್ಟು ನನ್ನ ಪಾಲಿನದು. ನಮ್ಮ ಗೋಪುರಗಳು ಮರಳುಗಾಡಿನಲ್ಲಿ ಸಾಲುಹಿಡಿದು ದಕ್ಷಿಣದ ವಫ್ರಾದ ತೋಟಗಳ ಕಡೆಗೆ ಹೋಗುತ್ತಿದ್ದವು. ಅವುಗಳ ತುದಿಗೆ ಹತ್ತಿ ತಂತಿ ಎಳೆಯುವ ಧೈರ್ಯ ಇದ್ದವರು ಒಂದೇ ಸೀಮೆಯ ಜನ. ಬೊಕಾರೊ, ಗಿರಿಡಿಹ್, ಹಜಾರಿಬಾಗ್ ಜಿಲ್ಲೆಗಳವರು. ಬಗಲಲ್ಲಿ ಹಗ್ಗ, ತಲೆಗೆ ಸುತ್ತಿದ ಬಟ್ಟೆ, ಮಾತು ಕಡಿಮೆ. ಆಫೀಸಿನಲ್ಲಿ ನಾವೆಲ್ಲ ಅವರನ್ನು ಒಟ್ಟಾಗಿ ‘ಬಿಹಾರಿಗಳು’ ಎನ್ನುತ್ತಿದ್ದೆವು. ಇದನ್ನು ಹೇಳುತ್ತಿದ್ದವರು ಯಾರು ಗೊತ್ತೇ? ಯಾರಾದರೂ ತಮ್ಮನ್ನು ‘ಕೇರಳವಾ?’ ಎಂದು ಕೇಳಿದರೆ ಪಿತ್ತ ನೆತ್ತಿಗೇರಿಸಿಕೊಂಡು ಉಡುಪಿ, ಮಂಗಳೂರು, ತುಳು, ಕೊಂಕಣಿ ಎಂದು ಅರ್ಧ ಗಂಟೆ ಪಾಠ ಮಾಡುವ ನಾವು.

ಅವರಲ್ಲೊಬ್ಬ ಸುಖರಾಮ್ ಹೆಂಬ್ರಮ್. ಸಂತಾಲರವನು, ನಲವತ್ತೈದರ ಆಸುಪಾಸು. ಮುಖದಲ್ಲಿ ಬಿಸಿಲು ಕುಳಿತು ಕುಳಿತು ಒಂದು ತರಹದ ತಾಮ್ರದ ಬಣ್ಣ. ನನ್ನ ಮೇಜಿನ ಮುಂದೆ ಅವನು ಮೊದಲ ಸಲ ನಿಂತಾಗ ಅವನ ರಾಜ್ಯ ಹುಟ್ಟಿ ಎರಡು ವರ್ಷವೂ ಆಗಿರಲಿಲ್ಲ. ಇಕಾಮಾದ ಅರ್ಜಿಯಲ್ಲಿ ರಾಜ್ಯ ಎಂಬ ಕಡೆ ನಾನು ‘ಬಿಹಾರ’ ಎಂದು ಬರೆದೆ. ಅವನು ಮೇಜಿನ ಮೇಲೆ ಬಾಗಿ ನೋಡಿದ.

“ಝಾರ್ಖಂಡ್ ಬರೀರಿ ಸಾಬ್,” ಎಂದ ಹಿಂದಿಯಲ್ಲಿ. “ಈಗ ನಮ್ಮದು ಬೇರೆ ರಾಜ್ಯ.”

“ಪಾಸ್‌ಪೋರ್ಟಲ್ಲಿ ಏನಿದೆ?”

“ಪಾಸ್‌ಪೋರ್ಟ್ ಹಳೇದು ಸಾಬ್. ಆವಾಗ ರಾಜ್ಯ ಆಗಿರಲಿಲ್ಲ.”

“ಹಾಗಾದರೆ ಬಿಹಾರ. ಖಲಾಸ್.” ಖಲಾಸ್ ಎನ್ನುವುದು ಬಹಳ ಅನುಕೂಲದ ಅರಬ್ಬಿ ಮಾತು. ಮುಗಿಯಿತು, ಇನ್ನು ಬಾಯಿ ಮುಚ್ಚು, ನನಗೆ ಚಹಾದ ಹೊತ್ತಾಯಿತು, ಇಷ್ಟೂ ಅರ್ಥ ಆ ಒಂದೇ ಶಬ್ದದಲ್ಲಿ ಬಂದುಬಿಡುತ್ತದೆ.

ಅವನು ಜಗಳವಾಡಲಿಲ್ಲ. ಆದರೆ ಬಿಡಲೂ ಇಲ್ಲ. ಏನಾದರೊಂದು ಕಾಗದಕ್ಕೆ ಬಂದಾಗಲೆಲ್ಲ ಅದೇ ಮಾತು, ಅದೇ ತಗ್ಗಿದ ದನಿ. ಒಮ್ಮೆ ಹೇಳಿದ, “ಆ ಹೆಸರಿಗೋಸ್ಕರ ನಮ್ಮಪ್ಪ ಮೆರವಣಿಗೆಯಲ್ಲಿ ಹೋಗಿ ಲಾಠಿ ತಿಂದಿದ್ದಾನೆ ಸಾಬ್. ರಾಜ್ಯ ಆದದ್ದನ್ನು ಅವನು ಕಾಣಲಿಲ್ಲ. ಅವ್ವ ಕಂಡಳು.” ನಾನು ಕಾಗದದಿಂದ ತಲೆ ಎತ್ತಲಿಲ್ಲ.

ಈಗ ನನ್ನ ದೊಡ್ಡಸ್ತಿಕೆಯ ಅಸಲು ಭಾಗಕ್ಕೆ ಬರುತ್ತೇನೆ. ನನಗೆ ಜಾರ್ಖಂಡ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಗೊತ್ತಿಲ್ಲದೆ ಮಾಡಿದ್ದಾದರೆ ಇಷ್ಟು ಬರೆಯುವ ಅಗತ್ಯವೇ ಇರಲಿಲ್ಲ. ಹೊಸ ರಾಜ್ಯಗಳೆಂದರೆ ರಸಪ್ರಶ್ನೆಯವರಿಗೆ ಹಬ್ಬ. ಆ ವರ್ಷದ ಸ್ಪರ್ಧೆಗೆ ನಾನು ಜಾರ್ಖಂಡದ ಮೇಲೆ ಪ್ರತ್ಯೇಕವಾಗಿ ಒಂದು ಸುತ್ತು ಇಟ್ಟಿದ್ದೆ. ಅದಕ್ಕೆ ಬೇಕಾದ ಸರಕು ಕೊಟ್ಟವನು ಯಾರೆಂದುಕೊಂಡಿರಿ? ಇದೇ ಸುಖರಾಮ್. ಆಗ ಇಂಟರ್ನೆಟ್ಟು ಈಗಿನ ಹಾಗೆ ಬೆರಳ ತುದಿಯಲ್ಲಿರಲಿಲ್ಲ. ಅವನು ಆಫೀಸಿಗೆ ಬಂದಾಗ ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ಬರೆದುಕೊಳ್ಳುತ್ತಿದ್ದೆ. ಆ ಕುರ್ಚಿ, ಆ ಚಹಾ ಅವನ ಅರ್ಜಿಗಳಿಗೆ ಯಾವತ್ತೂ ಸಿಗಲಿಲ್ಲ.

ಅವನು ಇಪ್ಪತ್ತೆರಡು ಜಿಲ್ಲೆಗಳನ್ನೂ ಬೆರಳು ಮಡಚುತ್ತ ಹೇಳಿದ. ದೇವಘರ್, ದುಮ್ಕಾ, ಗೊಡ್ಡಾ, ಪಾಕುರ್ ಎಂದು ಸಂತಾಲರ ಸೀಮೆಯಿಂದ ಶುರುಮಾಡಿ ಗುಮ್ಲಾ, ಸಿಮ್ಡೇಗಾದವರೆಗೆ. ಧನಬಾದಿನಲ್ಲಿ ನೆಲದೊಳಗಿನ ಕಲ್ಲಿದ್ದಲಿಗೆ ಬೆಂಕಿ ಬಿದ್ದು ಎಷ್ಟೋ ವರ್ಷದಿಂದ ಉರಿಯುತ್ತಿದೆ ಎಂದ. ಕೊಡರ್ಮಾದಲ್ಲಿ ಕಾಗೆಬಂಗಾರ. ದಾರಿಯ ಮಣ್ಣೇ ಮಿನುಗುತ್ತದಂತೆ, ಮಕ್ಕಳ ಕಾಲಿಗೆಲ್ಲ ಅಂಟಿರುತ್ತದಂತೆ. ಚಾಯಿಬಾಸಾದ ಕಡೆ ಕಬ್ಬಿಣದ ಅದಿರು, ಲೋಹರ್‌ದಗಾದಲ್ಲಿ ಅಲ್ಯುಮಿನಿಯಂ ಮಾಡುವ ಮಣ್ಣು. “ನಮ್ಮ ಕಾಲ ಕೆಳಗೆ ಎಲ್ಲಾ ಇದೆ ಸಾಬ್. ಅದಕ್ಕೇ ನಾವು ಇಲ್ಲಿ ಕಂಬ ಹತ್ತುತ್ತಿರೋದು,” ಎಂದು ನಕ್ಕ. ನಾನು ನಗುವುದನ್ನು ಬಿಟ್ಟು ‘ಕಾಗೆಬಂಗಾರ: ಕೊಡರ್ಮಾ’ ಎಂದು ಚೀಟಿಯಲ್ಲಿ ಬರೆದುಕೊಂಡೆ.

ಪಾರಸನಾಥ ಬೆಟ್ಟದ ಮಾತು ಬಂದಾಗ ನಾನು ಬಿಡಲಿಲ್ಲ. ನಮ್ಮ ಕಾರ್ಕಳ, ಮೂಡುಬಿದಿರೆಯ ಜೈನರು ಜನ್ಮದಲ್ಲೊಮ್ಮೆ ನೋಡಲೇಬೇಕೆಂದು ಹೊರಡುವ ಸಮ್ಮೇದ ಶಿಖರ ಅದೇ. ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಜಾಗ. ಇದನ್ನು ಅವನಿಗೇ ತಿಳಿಸಿಕೊಟ್ಟೆ. ಅವನು ಕೇಳಿಸಿಕೊಂಡು, “ಹೌದು ಸಾಬ್, ಅವರಿಗೂ ದೊಡ್ಡದು. ನಾವು ಅದನ್ನು ಮರಾಂಗ್ ಬುರು ಅಂತೀವಿ. ದೊಡ್ಡ ಬೆಟ್ಟ. ಬೆಟ್ಟವೇ ನಮಗೆ ದೇವರು. ಗುಡಿ ಬೇಕಾಗಿಲ್ಲ,” ಎಂದ. ಆಮೇಲೆ ತನ್ನೂರಿನ ಬೆಟ್ಟದ ವಿಷಯ ಹೇಳಿದ. ಲುಗು ಬುರು. ಬೊಕಾರೊ ಜಿಲ್ಲೆಯದು. ಅದರ ಬುಡದಲ್ಲೇ ಅವನ ಹಳ್ಳಿ. ಅವರ ಪೂರ್ವಿಕರು ಅದರ ಬಂಡೆಗಳ ಮೇಲೆ ಹನ್ನೆರಡು ವರ್ಷ ಕುಳಿತು, ಮಾತಾಡಿ ಮಾತಾಡಿ, ಹುಟ್ಟಿದರೆ ಹೇಗೆ, ಮದುವೆಯಾದರೆ ಹೇಗೆ, ಸತ್ತರೆ ಹೇಗೆ ಎಂದು ಕುಲದ ಕಟ್ಟಳೆಗಳನ್ನು ಮಾಡಿದರಂತೆ.

“ನಮ್ಮ ಕೂಟಕ್ಕೆ ಉಪ್ಪಿಟ್ಟಾ ಇಡ್ಲಿಯಾ ಅಂತ ತೀರ್ಮಾನ ಮಾಡುವುದಕ್ಕೇ ಹನ್ನೆರಡು ವರ್ಷ ಬೇಕು,” ಎಂದೆ. ಅವನು ಮರ್ಯಾದೆಗೆ ನಕ್ಕ. “ನಮ್ಮ ಮನೆ ಬಾಗಿಲು ಬೆಟ್ಟದ ಕಡೆಗೇ ಸಾಬ್. ರಾಂಚಿಯಿಂದ ಬರೋ ಬಸ್ಸು ಬೆಟ್ಟವನ್ನು ಬಳಸಿ ಬರುತ್ತದೆ. ಅವ್ವ ಹೊಸ್ತಿಲಲ್ಲಿ ಕೂತರೆ ಧೂಳು ಏಳೋದು ದೂರದಿಂದಲೇ ಕಾಣುತ್ತದೆ,” ಎಂದ. ಅದು ರಸಪ್ರಶ್ನೆಗೆ ಬರುವ ವಿಷಯವಲ್ಲವಾದ್ದರಿಂದ ನಾನು ಬರೆದುಕೊಳ್ಳಲಿಲ್ಲ.

ನಡುವೆ ನನ್ನದೇ ಒಂದು ಪ್ರಸಂಗ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಯೋಗ್ಯತೆ ನಿಮಗೆ ಪೂರ್ತಿ ತಿಳಿಯುವುದಿಲ್ಲ. ಅದೇ ವರ್ಷ ನನ್ನ ವಾರ್ಷಿಕ ರಜೆಗೆ ಮ್ಯಾನೇಜರರ ಕಾರ್ಯದರ್ಶಿ ಕಲ್ಲಿಕೋಟೆಗೆ ಟಿಕೆಟ್ ಮಾಡಿಸಿಬಿಟ್ಟ. ಈಜಿಪ್ಟಿನವನು, ಪಾಪ, ಅವನ ಮಟ್ಟಿಗೆ ದಕ್ಷಿಣ ಭಾರತವೆಲ್ಲ ಕೇರಳ. ಅಲ್ಲಿ ಇಳಿದು ರೈಲು ಹತ್ತಿದರೆ ಅರ್ಧ ದಿನದೊಳಗೆ ನನ್ನ ಮನೆ. ಆದರೆ ನಾನು ಮೂರು ದಿನ ಆಫೀಸನ್ನು ತಲೆಕೆಳಗು ಮಾಡಿದೆ. ನಕ್ಷೆ ತಂದು ಅವನ ಮೇಜಿನ ಮೇಲೆ ಬಿಡಿಸಿದೆ. “ಇದು ನನ್ನ ರಾಜ್ಯವಲ್ಲ, ಇದು ನನ್ನ ಊರಲ್ಲ,” ಎಂದು ಗಂಟಲು ಹರಿದುಕೊಂಡೆ. ಕೊನೆಗೆ ಮುಂಬೈ ಮೇಲಿಂದ ಮಂಗಳೂರಿಗೇ ಟಿಕೆಟ್ ಪಡೆದು, ಯುದ್ಧ ಗೆದ್ದವನ ಹಾಗೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ನನ್ನಮ್ಮ ಆಗ ಗಟ್ಟಿಮುಟ್ಟಾಗಿದ್ದಳು, ತೆಂಗಿನಕಾಯಿ ತಾನೇ ಸುಲಿಯುತ್ತಿದ್ದಳು. ನನಗೆ ಅವಸರವೇನೂ ಇರಲಿಲ್ಲ.

ಅದಾಗಿ ಎರಡು ತಿಂಗಳಿಗೆ, ಏಪ್ರಿಲಿನ ಒಂದು ಬುಧವಾರ ಮಧ್ಯಾಹ್ನ, ಸುಖರಾಮ್ ಆಫೀಸಿಗೆ ಓಡಿಬಂದ. ತಲೆಗೆ ಸುತ್ತಿದ ಬಟ್ಟೆ ಹಾಗೇ ಇತ್ತು, ಕೆಲಸದ ಜಾಗದಿಂದ ನೇರ ಬಂದಿದ್ದ. ಊರಿಂದ ತಮ್ಮ ಫೋನ್ ಮಾಡಿದ್ದ. ಅವ್ವ ಅನ್ನ ನೀರು ಬಿಟ್ಟಿದ್ದಾಳೆ, ಹೆಚ್ಚೆಂದರೆ ಎರಡು ಮೂರು ದಿನ, ನಿನ್ನ ಹೆಸರೇ ಹೇಳುತ್ತಿದ್ದಾಳೆ, ಹೊರಟು ಬಾ ಎಂದು.

ತುರ್ತು ರಜೆಗೆ ಕಂಪನಿ ತಕ್ಷಣ ಟಿಕೆಟ್ ಕೊಡುತ್ತಿತ್ತು, ಆ ಮಟ್ಟಿಗೆ ಒಳ್ಳೆಯವರೇ. ಕಡತದಲ್ಲಿ ಯಾವ ರಾಜ್ಯ ಇದೆಯೋ ಅದರ ರಾಜಧಾನಿಗೆ ಟಿಕೆಟ್. ನಾನು ಕಡತ ತೆಗೆದೆ. ನನ್ನದೇ ದುಂಡು ಅಕ್ಷರದಲ್ಲಿ ಬಿಹಾರ.

“ಪಾಟ್ನಾ,” ಎಂದೆ.

“ರಾಂಚಿ ಸಾಬ್, ರಾಂಚಿ. ರಾಂಚಿಯಿಂದ ನಾಲ್ಕು ಗಂಟೆಗೆ ಮನೆ ಮುಟ್ಟುತ್ತೇನೆ. ಪಾಟ್ನಾದಿಂದ ಗಯಾ, ಗೋಮೋ ಅಂತ ರೈಲು ಬದಲಿಸಬೇಕು. ಯಾವ ರೈಲು ಯಾವಾಗ ಬರುತ್ತದೋ ಗೊತ್ತಿಲ್ಲ.”

“ಕಡತದಲ್ಲಿ ಬಿಹಾರ ಇದೆ. ಬದಲಿಸಬೇಕಾದರೆ ಮ್ಯಾನೇಜರ್ ಸಹಿ ಬೇಕು. ಅವರು ವಫ್ರಾಕ್ಕೆ ಹೋಗಿದ್ದಾರೆ, ಶನಿವಾರ ಬರ್ತಾರೆ. ಶನಿವಾರದವರೆಗೆ ಕಾಯ್ತೀಯಾ?”

ಅವನು ನನ್ನ ಮುಖವನ್ನೇ ನೋಡಿದ. “ಒಂದು ಫೋನ್ ಮಾಡಿ ಸಾಬ್,” ಎಂದ.

ಮಾಡಬಹುದಿತ್ತು. ಮ್ಯಾನೇಜರ್ ಕಠಿಣ ಮನುಷ್ಯನಲ್ಲ, ‘ಯಲ್ಲಾ, ಮಾಡು’ ಎಂದುಬಿಡುತ್ತಿದ್ದ. ಆದರೆ ವಫ್ರಾದಲ್ಲಿ ಅವನು ಫೋನಿಗೆ ಸಿಗಬೇಕಾದರೆ ಒಂದು ಗಂಟೆ ಕೂತು ಪ್ರಯತ್ನಿಸಬೇಕು. ಆ ಒಂದು ಗಂಟೆ ನನ್ನಲ್ಲಿರಲಿಲ್ಲ. ಎರಡು ದಿನ ಬಿಟ್ಟು, ಶುಕ್ರವಾರ, ರಸಪ್ರಶ್ನೆ. ನನ್ನ ಮೇಜಿನ ಖಾನೆಯಲ್ಲಿ ಕತ್ತರಿಸದ ಚೀಟಿಗಳಿದ್ದವು, ಬಣ್ಣದ ಪೆನ್ನುಗಳಿದ್ದವು, ಪ್ರಶ್ನೆಗಳನ್ನು ಅಂದವಾಗಿ ಬರೆದು ಮುಗಿಸಬೇಕಿತ್ತು. ಇದಲ್ಲದೆ, ಸತ್ಯ ಹೇಳಬೇಕೆಂದರೆ, ತಿಂಗಳುಗಟ್ಟಲೆ ‘ಝಾರ್ಖಂಡ್ ಬರೀರಿ’ ಎಂದು ಪೀಡಿಸಿದವನಿಗೆ ಕಡತ ಎಂದರೇನು ಎಂದು ತೋರಿಸುವ ಒಂದು ಸಣ್ಣ ಖುಷಿಯೂ ನನಗಿತ್ತು. ಗುಮಾಸ್ತನ ಖುಷಿಗಳು ಇಷ್ಟೇ ಇಷ್ಟು.

ಪಾಟ್ನಾಕ್ಕೆ ಬರೆದುಕೊಟ್ಟೆ. ಅವನು ಕಾಗದ ತೆಗೆದುಕೊಂಡು, ಯಾವತ್ತಿನ ಅಭ್ಯಾಸದಂತೆ ಎರಡೂ ಕೈ ಜೋಡಿಸಿ ಹೋದ.

ಶುಕ್ರವಾರದ ಕಾರ್ಯಕ್ರಮ ಬಹಳ ಚೆನ್ನಾಗಿ ನಡೆಯಿತು. ಜಾರ್ಖಂಡದ ಸುತ್ತಿಗಂತೂ ಸಭೆಯೆಲ್ಲ ಬೆರಗು. ಅದರ ರಾಜಧಾನಿ ಯಾವುದು ಎಂದು ಕೇಳಿದೆ. ಒಬ್ಬ ಹುಡುಗ ಪಾಟ್ನಾ ಎಂದ. “ತಪ್ಪು! ರಾಂಚಿ!” ಎಂದು ನಾನು ಮೈಕಿನಲ್ಲಿ ಗುಡುಗಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಅಧ್ಯಕ್ಷರು ಶಾಲು ಹೊದಿಸಿದರು. ಅದು ಈಗಲೂ ಕಪಾಟಿನಲ್ಲಿದೆ, ಚುಚ್ಚುತ್ತದೆ, ಹೊದೆಯಲಾಗುವುದಿಲ್ಲ.

ಎರಡು ತಿಂಗಳ ಮೇಲೆ ಸುಖರಾಮ್ ತಿರುಗಿ ಬಂದ. ತಲೆ ಬೋಳಿಸಿದ್ದು ಮತ್ತೆ ಚೂರು ಚೂರು ಬೆಳೆದಿತ್ತು. ಅದನ್ನು ಕಂಡಾದರೂ ಕೇಳಬೇಕಿತ್ತು. ನಾನು ಕಂಡದ್ದು ಅವನ ಕೈಯ ರಟ್ಟಿನ ಪೆಟ್ಟಿಗೆಯನ್ನು. ಅದನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದ, “ತಿಲಕುಟ ಸಾಬ್. ಗಯಾದ್ದು. ಬಿಹಾರದ್ದು.”

ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ. ಎರಡನೆಯದನ್ನೂ. ಅಕ್ಕಪಕ್ಕದ ಮೇಜುಗಳವರಿಗೂ ಕರೆದು ಹಂಚಿದೆ. “ಬಹಳ ಚೆನ್ನಾಗಿದೆ ಸುಖರಾಮ್. ಮುಂದಿನ ಸಲವೂ ತಾ,” ಎಂದೆ. “ಮುಂದಿನ ಸಲ ರಾಂಚಿ ಮೇಲೆ ಹೋಗೋಣ ಅಂತಿದ್ದೇನೆ ಸಾಬ್. ಆ ದಾರಿಯಲ್ಲಿ ಇದು ಸಿಗೋದಿಲ್ಲ,” ಎಂದು ಹೇಳಿ ಅವನು ಕೈ ಜೋಡಿಸಿ ಹೊರಟುಹೋದ. ಮೂರನೆಯ ತುಂಡು ನನ್ನ ಕೈಯಲ್ಲಿತ್ತು.

ನನ್ನ ಪಕ್ಕದಲ್ಲೇ ಕುಳಿತು ತಿನ್ನುತ್ತಿದ್ದವನು ಫೆಲಿಕ್ಸ್. ಕೆಲಸಗಾರರ ಕ್ಯಾಂಪು ನೋಡಿಕೊಳ್ಳುತ್ತಿದ್ದ ನಮ್ಮ ಬಂಟ್ವಾಳದ ಕಡೆಯ ಕೊಂಕಣಿಯವನು, ಎಲ್ಲರ ಸುದ್ದಿಯೂ ಅವನಿಗೆ ತಿಳಿದಿರುತ್ತಿತ್ತು. “ಎಂತ ಮಾರಾಯ, ಮುಂದಿನ ಸಲ ತಾ ಅಂತೀಯಲ್ಲ,” ಎಂದ ಅವನು. “ನಿನಗೆ ಗೊತ್ತಿಲ್ವಾ? ಅವನು ಮುಟ್ಟುವಾಗ ತಾಯಿಯನ್ನು ಸುಟ್ಟು ಆಗಿತ್ತು. ಅವತ್ತೇ ಬೆಳಿಗ್ಗೆ. ಎರಡು ಗಂಟೆಯಲ್ಲಿ ತಪ್ಪಿದ್ದು.”

ಅಂದು ಸಂಜೆ ನಾನು ಫೆಲಿಕ್ಸನ ಗಾಡಿಯಲ್ಲಿ ಕ್ಯಾಂಪಿಗೆ ಹೋದೆ. ಏಕೆ ಹೋದೆನೋ. ಸುಖರಾಮ್ ಮಂಚದ ಮೇಲೆ ಕುಳಿತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಎದ್ದು ನಿಂತು ನನಗೆ ಜಾಗ ಕೊಟ್ಟ. ನಾನು ಕೇಳಿದ್ದಕ್ಕೆ, ದೂರಿನ ಒಂದು ಮಾತೂ ಇಲ್ಲದೆ, ನಡೆದದ್ದನ್ನು ಹೇಳಿದ.

ಶುಕ್ರವಾರ ಬೆಳಿಗ್ಗೆ ಪಾಟ್ನಾದಲ್ಲಿ ಇಳಿದ. ಸಿಕ್ಕಿದ ರೈಲು ಹಿಡಿದು ಮಧ್ಯಾಹ್ನಕ್ಕೆ ಗಯಾ ಮುಟ್ಟಿದ. ಮುಂದಿನ ರೈಲು ತಡ. ಎಷ್ಟು ತಡ ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಪ್ಲಾಟ್‌ಫಾರಂ ತುಂಬ ಬೇರೆ ಬೇರೆ ರಾಜ್ಯಗಳ ಜನ, ತಲೆ ಬೋಳಿಸಿಕೊಂಡವರು, ಅಪ್ಪ ಅಮ್ಮನಿಗೆ ಪಿಂಡ ಹಾಕಲು ಬಂದವರು. “ಅವರೆಲ್ಲ ಸತ್ತ ತಾಯಿಗೋಸ್ಕರ ಬಂದಿದ್ದರು ಸಾಬ್. ನನ್ನವಳು ಇನ್ನೂ ಬದುಕಿದ್ದಳು. ನಾನೂ ಅವರ ಜೊತೆ ಕೂತಿದ್ದೆ,” ಎಂದ. ಹಸಿವಿಗೆ ಏನಾದರೂ ತಿನ್ನೋಣವೆಂದು ಅಲ್ಲೇ ತಿಲಕುಟ ಕೊಂಡನಂತೆ. ಗಂಟಲಲ್ಲಿ ಇಳಿಯಲಿಲ್ಲವಂತೆ. ಎರಡು ತಿಂಗಳು ಕಳೆದು ತಿರುಗಿ ಬರುವಾಗಲೂ ನನ್ನ ಬಿಹಾರದ ಟಿಕೆಟ್ಟೇ ಅಲ್ಲವೇ, ಮತ್ತೆ ಗಯಾ ಸಿಕ್ಕಿತು. ಆಗ ನನಗಾಗಿ ಒಂದು ಪೆಟ್ಟಿಗೆ ಕೊಂಡ.

ಇತ್ತ ಊರಲ್ಲಿ ಅವ್ವ ಮಂಚವನ್ನು ಹೊಸ್ತಿಲಿನ ಹತ್ತಿರ ಹಾಕಿಸಿಕೊಂಡಿದ್ದಳು. ಮಗ ಹೊರಟಿದ್ದಾನೆಂದು ತಿಳಿದಿತ್ತು. ಹೊರ ದೇಶದಿಂದ ಬರುವವನು ರಾಂಚಿಯಿಂದಲೇ ಬರುತ್ತಾನೆ, ಬೆಟ್ಟ ಬಳಸಿ ಬರುವ ಬಸ್ಸಿನಲ್ಲೇ ಬರುತ್ತಾನೆ ಎಂದು ಆ ಕಡೆಗೇ ಮುಖ ಮಾಡಿ ಮಲಗಿದ್ದಳು. ಶುಕ್ರವಾರ ಎರಡು ಬಸ್ಸು ಬಂದವು. ಎರಡಕ್ಕೂ ತಲೆ ಎತ್ತಿದಳಂತೆ. ಸಂಜೆ ಹೊತ್ತು ಮುಳುಗುವಾಗ ಉಸಿರು ನಿಂತಿತು. ಶನಿವಾರ ಬೆಳಗಿನ ರಾಂಚಿ ಬಸ್ಸಿನ ತನಕ ಹೆಣ ಇಟ್ಟುಕೊಂಡು ಕಾದರು. ಅದರಲ್ಲೂ ಅವನಿಲ್ಲ. ಬೇಸಿಗೆ. ಎತ್ತಿಬಿಟ್ಟರು. ಅವನು ಗೋಮೋದ ಕಡೆಯಿಂದ, ಮನೆಯ ಹಿಂದಿನ ದಾರಿಯಲ್ಲಿ, ಯಾರೂ ನೋಡುತ್ತಿರದ ದಿಕ್ಕಿನಿಂದ ನಡೆದು ಬಂದ.

“ಮೂಳೆ ಸಿಕ್ಕಿತು ಸಾಬ್. ದಾಮೋದರ ನದಿಗೆ ಬಿಟ್ಟೆ. ನಮ್ಮಲ್ಲಿ ಹಾಗೆ,” ಎಂದು ಸೂಜಿಯ ದಾರ ಕಡಿದ.

ಆಗ ನಾನು ಏನು ಹೇಳಿದೆ ಗೊತ್ತೇ? ಇಲ್ಲಿಯವರೆಗೆ ನನ್ನ ಜೊತೆ ನಡೆದುಬಂದಿದ್ದೀರಿ, ನಿಮ್ಮಿಂದ ಮುಚ್ಚಿಟ್ಟು ಫಲವಿಲ್ಲ. “ಪಾಸ್‌ಪೋರ್ಟಲ್ಲಿ ಬಿಹಾರ ಅಂತ ಇತ್ತಲ್ಲ ಸುಖರಾಮ್,” ಎಂದೆ. ನಾಚಿಕೆಗೆಟ್ಟ ನಾಲಿಗೆ. ಅವನು ತಲೆಯಾಡಿಸಿ, “ಹಾಂ ಸಾಬ್, ಇತ್ತು,” ಎಂದ. ಎದ್ದು ನನಗೆ ಚಹಾ ತಂದುಕೊಟ್ಟ. ಕುಡಿದೆ. ಬಂದೆ.

ಮೂರು ವರ್ಷದ ಮೇಲೆ ಅವನು ಕೆಲಸ ಮುಗಿಸಿ ಊರಿಗೆ ಹೊರಟಾಗ ನಾನು ಯಾರೂ ಕೇಳದೆಯೇ ಕಡತದಲ್ಲಿ ಬಿಹಾರವನ್ನು ಹೊಡೆದುಹಾಕಿ ಜಾರ್ಖಂಡ ಎಂದು ಬರೆದು, ರಾಂಚಿಗೆ ಟಿಕೆಟ್ ಮಾಡಿಸಿ, ಅವನ ಮುಂದೆ ಹಿಡಿದೆ. ದೊಡ್ಡ ದಾನಶೂರನ ಮುಖ ಮಾಡಿಕೊಂಡಿದ್ದೆ ಅಂತ ಕಾಣುತ್ತದೆ. ಅವನು ಅದನ್ನು ಎರಡು ಸಲ ಓದಿದ. “ಈಗ ಅವಸರ ಇರಲಿಲ್ಲ ಸಾಬ್,” ಎಂದ. ಕೈ ಜೋಡಿಸಿ ಹೋದ. ಅದೇ ಕೊನೆ.

ಅಲ್ಲಿಂದೀಚೆಗೆ ನಾನು ಎಳ್ಳು ತಿಂದಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲವನ್ನೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಡುತ್ತೇನೆ. ಮಹಾ ತ್ಯಾಗ ಎಂದು ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಂಡದ್ದೂ ಉಂಟು. ಜಾರ್ಖಂಡದ ಸುತ್ತನ್ನು ಮಾತ್ರ ಮತ್ತೆ ಯಾವ ವರ್ಷವೂ ಇಡಲಿಲ್ಲ.

ಈ ಶುಕ್ರವಾರ ಸಾಲ್ಮಿಯಾದ ಶಾಲೆಯೊಂದರ ಸಭಾಂಗಣದಲ್ಲಿ ಎಂದಿನಂತೆ ಜುಬ್ಬ ತೊಟ್ಟು ಮೈಕು ಹಿಡಿದೆ. ಚೀಟಿಗಳೆಲ್ಲ ಮುಗಿದವು. ಎರಡು ತಂಡ ಸಮಸಮ. ಇನ್ನೊಂದು ಪ್ರಶ್ನೆ ಬೇಕಿತ್ತು, ಕೈಯಲ್ಲಿ ಚೀಟಿ ಇರಲಿಲ್ಲ. ಬುಧವಾರದಿಂದ ಆ ಎಳ್ಳಿನ ವಾಸನೆ ಮೂಗಿನಿಂದ ಹೋಗಿರಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

“ಜಾರ್ಖಂಡದ ಲುಗು ಬೆಟ್ಟದ ಬುಡದಲ್ಲಿ ಒಬ್ಬಳು ತಾಯಿ ಸಾಯುತ್ತಾ ಮಲಗಿದ್ದಾಳೆ. ಮಗ ಕುವೈತಿನಲ್ಲಿದ್ದಾನೆ. ಅವನು ಯಾವ ಊರಿನಲ್ಲಿ ವಿಮಾನ ಇಳಿಯಬೇಕು?”

ಸಭೆಯಲ್ಲಿ ಗುಸುಗುಸು ಶುರುವಾಯಿತು. ಅಮ್ಮಂದಿರ ತುಟಿಗಳು ಮೊದಲ ಸಲ ಅಲ್ಲಾಡದೆ ನಿಂತವು. ಬಲಗಡೆಯ ತಂಡದ, ಎರಡು ಜಡೆಯ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಗಂಟೆ ಒತ್ತಿದಳು. “ರಾಂಚಿ, ಅಂಕಲ್.”

“ಸರಿ,” ಎಂದೆ. “ಆದರೆ ಅವನು ಇಳಿದದ್ದು ಪಾಟ್ನಾದಲ್ಲಿ.”

“ಬಟ್ ವೈ? ಹಿ ಡಿಡಂಟ್ ನೋ?”

“ಅವನಿಗೆ ಗೊತ್ತಿತ್ತು ಮಗಾ.”

“ದೆನ್ ಹೂ ಸೆಂಟ್ ಹಿಮ್ ದೇರ್?”

ಅಧ್ಯಕ್ಷರು ಮುಂದಿನ ಸಾಲಿನಿಂದ ಗಡಿಯಾರ ತೋರಿಸಿ ಬೆರಳು ತಿರುಗಿಸುತ್ತಿದ್ದರು. ಬಹುಮಾನ ಕೊಡಲು ಪ್ರಾಯೋಜಕರು ಕೋಟಿನ ಗುಂಡಿ ಹಾಕಿಕೊಂಡು ಎದ್ದಾಗಿತ್ತು.

“ನಾನು,” ಎಂದೆ ಮೈಕಿನಲ್ಲಿ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. “ಆಂಡ್ ಡಿಡ್ ಹಿ ರೀಚ್, ಅಂಕಲ್?”

“ಇಲ್ಲ ಮಗಾ. ತಲುಪಲಿಲ್ಲ.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಧ್ಯಕ್ಷರು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡು ಪ್ರಾಯೋಜಕರ ಹೆಸರು ಓದತೊಡಗಿದರು.

ಮನೆಗೆ ಹೋಗುವಾಗ ಕಾರಿನಲ್ಲಿ ಹೆಂಡತಿ ಪಕ್ಕದಲ್ಲಿದ್ದಳು. ನಾನೇ, ಕೇಳದಿದ್ದರೂ, ಮೊದಲಿನಿಂದ ಎಲ್ಲ ಹೇಳಿದೆ. ಕಡತ, ಫೋನು, ತಿಲಕುಟ, ಕ್ಯಾಂಪಿನ ಚಹಾ. ರುಮೈಥಿಯಾದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು.

“ಹಾಗಾದ್ರೆ ಅದು ಉಷ್ಣ ಅಲ್ಲ,” ಎಂದಳು.

“ಅಲ್ಲ.”

“ಹದಿನಾಲ್ಕು ವರ್ಷ ಎಳ್ಳು ಬಿಟ್ರಿ. ಆ ಮನುಷ್ಯ ಮತ್ತೆ ಮೂರು ವರ್ಷ ನಿಮ್ಮ ಕಣ್ಣೆದುರೇ ಇದ್ದನಲ್ಲ. ತಪ್ಪಾಯ್ತು ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?”

ಹಸಿರು ದೀಪ ಬಂತು. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ.